ಕಳ್ಳಿ ಹೂ ಬಿಡುವ ವಯಸ್ಸು

ಗಂಡ ತೀರಿಕೊಂಡ ಮೇಲೆ ಗುಂಡಿ ಹಚ್ಚುವ ಕೆಲಸ ಕೇಳಿಕೊಂಡು ಅವಳು ಆ ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತಿದಳು. ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಕೆಳಗೆ ಒಂದು ಹುಡುಗಿ ಮೊಣಕಾಲೂರಿ ಕೂತಿತ್ತು. ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ನೆಲದ ಮೇಲೆ ಎಳೆಯುತ್ತ, ಬಿದ್ದ ಸೂಜಿಗಳನ್ನು ಹೆಕ್ಕುತ್ತಿತ್ತು. ಏಳೆಂಟು ವರ್ಷವಿದ್ದೀತು.

"ನಿನ್ನ ಹೆಸರೇನು ಮರಿ?"

"ಕಳ್ಳಿ."

ಬಂದವಳಿಗೆ ಬೇಲಿಯ ಮುಳ್ಳುಗಿಡವೇ ನೆನಪಾಯಿತು. "ಒಳ್ಳೇದೇ ಆಯ್ತು. ಕಳ್ಳಿ ಗಟ್ಟಿ ಗಿಡ. ಯಾರೂ ನೀರು ಹಾಕದಿದ್ರೂ ಬದುಕುತ್ತೆ, ಹೂವೂ ಬಿಡುತ್ತೆ."

ಹುಡುಗಿಯ ಕೈ ನಿಂತಿತು. "ಹೂ ಬಿಡುತ್ತಾ?"

ಮೇಜಿನ ಮೇಲೆ ಕತ್ತರಿಯ ಸದ್ದೂ ನಿಂತಿತು. "ಗಿಡವೂ ಅಲ್ಲ, ಬಳ್ಳಿಯೂ ಅಲ್ಲ. ಕದಿಯೋ ಕಳ್ಳಿ. ನನ್ನ ಬೆಳ್ಳಿ ಅಂಗುಸ್ತಾನ ನುಂಗಿ ನೀರು ಕುಡಿದವಳು. ನಿಮ್ಮ ಕೈಚೀಲ ಜೋಪಾನ."

ಹೀಗೆ ಅಂದವಳು ಅಂಗಡಿಯ ಒಡತಿ, ಹುಡುಗಿಯ ದೊಡ್ಡಮ್ಮ. ಸತ್ತುಹೋದ ತಂಗಿಯ ಮಗಳನ್ನು ತಂದು ಸಾಕುತ್ತಿದ್ದಳು. ಸೂಜಿ ಚುಚ್ಚದಂತೆ ಬೆರಳಿಗೆ ತೊಡುವ ಅವಳ ಬೆಳ್ಳಿ ಅಂಗುಸ್ತಾನ ಆ ವಾರವಷ್ಟೇ ಕಾಣೆಯಾಗಿತ್ತು. ಹುಡುಗಿಯ ಜಡೆ ಬಿಚ್ಚಿಸಿ, ಹಾಸಿಗೆ ಹರಿದು ಹುಡುಕಿದ್ದಾಯಿತು. ಸಿಗಲಿಲ್ಲ. ಸಿಗದಿದ್ದುದೇ ಸಾಕ್ಷಿಯಾಯಿತು.

ಹೊಸಬಳು ಗುಂಡಿ ಹಚ್ಚುತ್ತ ಹಚ್ಚುತ್ತ ಎಲ್ಲರ ಬಾಯಲ್ಲಿ ಗುಂಡಿಯಮ್ಮನಾದಳು. ಗುಂಡಿಯಮ್ಮನ ಕಿವಿಗೆ ಬಿದ್ದ ಮಾತು ಗುಂಡಿಗೇ ಬಿದ್ದಂತೆ, ಮೇಲೆ ಬರುವುದಿಲ್ಲ ಎಂದು ನಗುತ್ತಿದ್ದರು. ಅವಳ ಕಣ್ಣು ಮಾತ್ರ ಎಲ್ಲವನ್ನೂ ನೋಡುತ್ತಿತ್ತು. ಹುಡುಗಿಯ ಹೆಸರು ಅಂಗಡಿಯಿಂದ ಬೀದಿಗಿಳಿಯಿತು, ಬೀದಿಯಿಂದ ಶಾಲೆಗೆ ಹೋಯಿತು. ಯಾರ ಪೆನ್ಸಿಲು ಕಳೆದರೂ ಮೊದಲು ಅವಳ ಚೀಲವನ್ನೇ ಬೋರಲು ಹಾಕುತ್ತಿದ್ದರು. ಕಡೆಗೆ ಅವಳಿಗೊಂದು ಅಭ್ಯಾಸ ಹತ್ತಿತು. ಯಾವ ಕೋಣೆಯಿಂದ ಹೊರಗೆ ಬಂದರೂ, ಯಾರೂ ಕೇಳದಿದ್ದರೂ, ಎರಡೂ ಅಂಗೈ ಬಿಚ್ಚಿ ತೋರಿಸಿ ಬರುವಳು. ಬೆಳೆದು ದೊಡ್ಡವಳಾದರೂ ಅದು ಬಿಡಲಿಲ್ಲ.

ಅವಳಿಗೆ ಹದಿನೆಂಟಾಗಿದ್ದಾಗ ಕಾಲೇಜಿನ ಮನಶ್ಶಾಸ್ತ್ರದ ಮೇಷ್ಟ್ರು ತಮ್ಮ ಹಳೇ ಕೋಟು ತಂದರು. ಒಳಗಿನ ಅಸ್ತರು ಹರಿದಿತ್ತು, ಬದಲಿಸಬೇಕಿತ್ತು. ಬಟ್ಟೆ ಒಳ್ಳೆಯದು, ದೊಡ್ಡಮ್ಮನೇ ವರ್ಷಗಳ ಹಿಂದೆ ಹೊಲಿದದ್ದು. ಕಳ್ಳಿ ಮೇಜಿನ ತುದಿಯಲ್ಲಿ ಕೂತು ಹೊಲಿಗೆ ಬಿಚ್ಚತೊಡಗಿದಳು. ಮೇಷ್ಟ್ರು ಮಾತಿಗೆ ಕೂತರು. ಸುಮ್ಮನಿದ್ದರೆ ಅವರಿಗೆ ಅನ್ನ ಅರಗದು.

"ಮನುಷ್ಯನ ಸ್ವಭಾವ ಐದಾರು ವರ್ಷಕ್ಕೇ ಮುಗಿದುಹೋಗುತ್ತೆ ಅನ್ನೋರಿದ್ದಾರೆ. ಇನ್ನೊಂದು ಕಡೆಯವರು ಒಪ್ಪಲ್ಲ. ಸಾಯೋವರೆಗೂ ಮನುಷ್ಯ ಹೊಲಿಗೆಯಲ್ಲೇ ಇರ್ತಾನೆ, ಒಂದೊಂದು ವಯಸ್ಸೂ ಒಂದೊಂದು ಪ್ರಶ್ನೆ ಕೇಳುತ್ತೆ ಅಂತಾರೆ. ಕೂಸಾಗಿದ್ದಾಗ, ಇವರನ್ನ ನಂಬಬಹುದಾ? ಹರೆಯದಲ್ಲಿ, ನಾನು ಯಾರು? ಆಮೇಲೆ, ಯಾರ ಜೊತೆ? ಅದೂ ಆದಮೇಲೆ, ಯಾರಿಗೋಸ್ಕರ?"

"ಅದೆಲ್ಲ ಪುಸ್ತಕದ ಬದನೇಕಾಯಿ ಮೇಷ್ಟ್ರೇ," ಅಂದಳು ದೊಡ್ಡಮ್ಮ. "ಹುಟ್ಟುಗುಣ ಸುಟ್ಟರೂ ಹೋಗಲ್ಲ. ಇವಳನ್ನೇ ನೋಡಿ. ಏಳು ವರ್ಷಕ್ಕೇ ಕೈ ಚಳಕ ತೋರಿಸಿದವಳು."

ಅದೇ ಹೊತ್ತಿಗೆ ಕೋಟಿನ ಅಂಚಿನಿಂದ ಏನೋ ಜಾರಿ ಟಣ್ಣೆಂದು ಮೇಜಿಗೆ ಬಿತ್ತು. ಬೆಳ್ಳಿ ಅಂಗುಸ್ತಾನ.

"ಓ, ಇದಾ?" ಮೇಷ್ಟ್ರು ನಕ್ಕರು. "ಕೂತಾಗೆಲ್ಲ ಮೊಣಕಾಲಿಗೆ ತಟ್ಟೋದು. ಕೋಟು ನೆಟ್ಟಗೆ ಇಳೀಲಿ ಅಂತ ನೀವೇ ಭಾರ ಇಟ್ಟು ಹೊಲಿದಿದ್ದೀರಿ ಅಂದ್ಕೊಂಡಿದ್ದೆ."

ಗುಂಡಿಯಮ್ಮನ ಸೂಜಿ ಬಟ್ಟೆಯಲ್ಲಿ ಅರ್ಧಕ್ಕೇ ನಿಂತಿತು. ಬೆರಳಿಂದ ಜಾರಿದ್ದನ್ನು ಗಮನಿಸದೆ ಅಸ್ತರಿನ ಬಾಯಿ ಹೊಲಿದು ಮುಚ್ಚಿದವಳು ದೊಡ್ಡಮ್ಮನೇ. ಅವಳು ಅಂಗುಸ್ತಾನ ಎತ್ತಿಕೊಂಡು ಜೇಬಿಗೆ ಇಳಿಸಿದಳು. "ಬಟ್ಟೆ ನೋಡ್ಕೊಂಡು ಬಿಚ್ಚೇ ಕಳ್ಳಿ, ಹರಿದೀತು."

ಇನ್ನೊಂದು ಮಾತಿಲ್ಲ. ಕಳ್ಳಿಯ ಮುಖ ಬಿಳುಚಿ, ಮೆಲ್ಲಗೆ ಮತ್ತೆ ತನ್ನ ಬಣ್ಣಕ್ಕೆ ಬಂತು. ಅವಳು ಮೇಷ್ಟ್ರ ಕಡೆ ತಿರುಗಿದಳು.

"ಕೊನೇ ವಯಸ್ಸು ಏನು ಕೇಳುತ್ತೆ ಸಾರ್?"

"ನಾನು ಬಾಳಿದ್ದು ಸರಿಯಾಗಿತ್ತಾ ಅಂತ."

"ಆಗ ಯಾರಾದ್ರೂ ಇಲ್ಲ ಅಂದುಬಿಟ್ರೆ?"

ಮೇಷ್ಟ್ರು ತಲೆ ಕೆರೆದುಕೊಂಡರು. "ಕಷ್ಟ ಕಣಮ್ಮ. ಬಿಚ್ಚಿ ಮತ್ತೆ ಹೊಲಿಯೋಕೆ ಹೊತ್ತೇ ಉಳಿದಿರಲ್ಲ."

"ಹಾಗಾ," ಎಂದು ಅವಳು ಮತ್ತೆ ಹೊಲಿಗೆ ಬಿಚ್ಚಿದಳು. ಸಂಜೆ ಬಾಗಿಲು ಹಾಕುವಾಗ ಗುಂಡಿಯಮ್ಮನ ಹತ್ತಿರ ಒಂದೇ ಮಾತು ಹೇಳಿದಳು. "ದೊಡ್ಡಮ್ಮ ಆ ಕೊನೇ ಪ್ರಶ್ನೆ ಕೇಳೋ ದಿನ ಉತ್ತರ ಹೇಳೋಕೆ ನಾನಿರ್ತೀನಿ ಅಕ್ಕಾ. ಅಲ್ಲಿವರೆಗೂ ಅವಳನ್ನ ಸಾಯೋಕೆ ಬಿಡಲ್ಲ."

ಬಿಡಲೂ ಇಲ್ಲ. ದೊಡ್ಡಮ್ಮನಿಗೆ ಕೆಮ್ಮು ಬಂದರೆ ವೈದ್ಯರ ಮನೆ ಬಾಗಿಲು ಬಡಿದವಳು ಕಳ್ಳಿ. ಕಣ್ಣು ಮಂಜಾದಾಗ ಕತ್ತರಿ ಹಿಡಿದವಳು, ಮೊಣಕಾಲು ಹಿಡಿದುಕೊಂಡಾಗ ಎತ್ತಿ ಸ್ನಾನ ಮಾಡಿಸಿದವಳೂ ಅವಳೇ. ಗಂಜಿಯನ್ನು ಊದಿ ಆರಿಸಿಯೇ ಬಾಯಿಗಿಡುತ್ತಿದ್ದಳು. ಹೆತ್ತ ಮಗಳೂ ಹೀಗೆ ನೋಡಿಕೊಳ್ಳುವುದಿಲ್ಲ ಎಂದು ಬೀದಿಯೆಲ್ಲ ಕೊಂಡಾಡಿತು.

"ನೋಡ್ಕೊಳ್ದೆ?" ಎನ್ನುವಳು ಕಳ್ಳಿ, ಗುಂಡಿಯಮ್ಮನಿಗೆ ಮಾತ್ರ ಕೇಳುವಂತೆ. "ಕೇಳದೇ ಸತ್ರೆ ನನ್ನ ಗತಿ ಏನು?"

ಎದುರು ಬದಿಯ ಇಸ್ತ್ರಿಯವನಿಗೆ ಅವಳ ಮೇಲೆ ಮನಸ್ಸಿತ್ತು. ಸುಟ್ಟ ವಾಸನೆ ಬಂದರೂ ಪೆಟ್ಟಿಗೆ ಎತ್ತದೆ ಅಂಗಡಿಯ ಕಡೆಗೇ ನೋಡುತ್ತಿರುವವನು.

"ಬೇರೆ ಊರಲ್ಲಿ ಅಂಗಡಿ ಹಾಕೋಣ ಬಾರೇ. ಅಲ್ಲಿ ನಿನ್ನ ಹೆಸರು ಯಾರಿಗೂ ಗೊತ್ತಿರಲ್ಲ."

"ದೊಡ್ಡಮ್ಮ ಒಂದು ಮಾತು ಕೇಳೋದಿದೆ. ಕೇಳಲಿ, ಬರ್ತೀನಿ."

"ಏನು ಮಾತು?"

"ನಿನಗಲ್ಲ ಅದು."

ಅವನು ಕಾಯುವಷ್ಟು ಕಾದ. ಆಮೇಲೆ ಬೇರೆಯವಳನ್ನು ಕಟ್ಟಿಕೊಂಡು ಊರು ಬಿಟ್ಟ. ಮದುವೆಗೆ ಅವನು ತೊಟ್ಟ ಅಂಗಿಗೆ ತೋಳು ಕೂರಿಸಿದವಳು ಕಳ್ಳಿಯೇ. ಒಂದು ಹೊಲಿಗೆಯೂ ಸೊಟ್ಟಗಿರಲಿಲ್ಲ.

ಗುಂಡಿಯಮ್ಮ ಒಮ್ಮೆ ತಡೆಯಲಾರದೆ ಅಂದಳು, "ಹಗೆ ಹೊಟ್ಟೆ ತುಂಬಿಸಲ್ಲ ಕಣೇ."

"ಹಸಿವೂ ಆಗಲ್ಲ ಅಕ್ಕಾ."

ಕಳ್ಳಿಯ ತಲೆಯಲ್ಲಿ ಕರಿಗಿಂತ ಬಿಳಿ ಹೆಚ್ಚಾದ ಕಾಲಕ್ಕೆ ದೊಡ್ಡಮ್ಮ ಪೂರಾ ಹಾಸಿಗೆ ಹಿಡಿದಳು. ಅಂಗಡಿಯ ಹಿಂದಿನ ಕೋಣೆ, ಒಂದು ಕಿಟಕಿ, ಗೋಡೆಗೆ ಒರಗಿಸಿದ ಹಳೇ ಹೊಲಿಗೆ ಯಂತ್ರ. ಒಂದು ಮಧ್ಯಾಹ್ನ ಗುಂಡಿಯಮ್ಮ ನೋಡಲು ಹೋಗಿದ್ದಳು. ಕಳ್ಳಿ ತಲೆದಿಂಬಿನ ಕವರು ಬದಲಿಸುತ್ತಿದ್ದಳು. ಮುದುಕಿ ಅವಳ ಮಣಿಕಟ್ಟು ಹಿಡಿದಳು.

"ಹೇಳೇ. ನಾನು ಬಾಳಿದ್ದು ಸರಿಯಾಗಿತ್ತಾ?"

ಮೇಷ್ಟ್ರು ಹೇಳಿದ್ದೇ ಮಾತು, ಅಕ್ಷರ ಕೂಡ ಆಚೀಚೆ ಇಲ್ಲ. ಕಳ್ಳಿ ದಿಂಬು ಕೆಳಗಿಟ್ಟಳು. ತಾನು ಯಾವತ್ತೂ ಮುಟ್ಟದಿದ್ದ ದೊಡ್ಡಮ್ಮನ ಪೆಟ್ಟಿಗೆಯ ಮುಚ್ಚಳ ತೆಗೆದು, ಕೇಳದೆ, ಅಲ್ಲಿ ಬಚ್ಚಿಟ್ಟಿದ್ದ ಅಂಗುಸ್ತಾನ ಎತ್ತಿಕೊಂಡಳು. ಬದುಕಿನಲ್ಲಿ ಅವಳು ಕದ್ದದ್ದು ಅದೇ ಮೊದಲು. ಅದನ್ನು ಮುದುಕಿಯ ಬೆರಳಿಗೆ ತೊಡಿಸಿದಳು. ಸವೆದ ಬೆರಳಿಗೆ ಸಡಿಲವಾಗಿತ್ತು.

"ಇಲ್ಲ ದೊಡ್ಡಮ್ಮಾ. ಸರಿಯಾಗಿರಲಿಲ್ಲ. ಇದು ನಿನ್ನ ಕೈಯಿಂದ್ಲೇ ಕೋಟಿನೊಳಗೆ ಹೋಯ್ತು. ಸಿಕ್ಕ ಮೇಲೂ ಬಾಯಿ ಬಿಡಲಿಲ್ಲ ನೀನು. ಕಳ್ಳಿ ನಾನಲ್ಲ. ನನ್ನ ಆಯಸ್ಸೆಲ್ಲ ಕದ್ದವಳು ನೀನು. ಇದನ್ನ ತೊಟ್ಟುಕೊಂಡೇ ಹೋಗು."

ಮುದುಕಿ ಅಂಗುಸ್ತಾನವನ್ನು ಕಣ್ಣ ಹತ್ತಿರ ತಂದು ತಿರುಗಿಸಿ ತಿರುಗಿಸಿ ನೋಡಿದಳು. ಅಳುತ್ತಾಳೆಂದುಕೊಂಡರೆ, ಅವಳ ಬಾಯ ಒಂದು ಮೂಲೆ ಮೇಲೆ ಹೋಯಿತು.

"ಮರೆತಿದ್ದೆ ಅಂದ್ಕೊಂಡ್ಯಾ? ಕಳ್ಳಿಗೆ ಬೇರೆ ಯಾರು ಕೆಲಸ ಕೊಡ್ತಾರೆ, ಯಾರು ಮನೆ ಸೇರಿಸ್ತಾರೆ? ಆ ಹೆಸರು ತೆಗೆದಿದ್ರೆ ನೀನು ಹಾರಿಹೋಗ್ತಿದ್ದೆ." ಸ್ವಲ್ಪ ಉಸಿರು ತೆಗೆದುಕೊಂಡಳು. "ಉಳಿದೆಯಲ್ಲ. ಹಾಗಾದ್ರೆ ನಾನು ಮಾಡಿದ್ದು ಸರಿಯಾಗೇ ಇತ್ತು."

ಗೋಡೆಯ ಕಡೆ ಹೊರಳಿ ಕಣ್ಣು ಮುಚ್ಚಿದಳು. ಆಮೇಲೆ ಮಾತಾಡಲಿಲ್ಲ. ಕಳ್ಳಿ ಗಂಜಿ ಊದಿ ಆರಿಸಿ ಬಾಯಿಗಿಡುವುದನ್ನು ಮಾತ್ರ ಕೊನೆಯ ದಿನದವರೆಗೂ ಬಿಡಲಿಲ್ಲ. ಇನ್ನೊಂದು ಸಲ ಕೇಳಿಯಾಳೆಂದೋ, ಕೈಗೆ ಅದೇ ಅಭ್ಯಾಸವಾಗಿತ್ತೆಂದೋ.

ಮುದುಕಿಯನ್ನು ಮಣ್ಣಿಗಿಟ್ಟ ಮೇಲೆ ಕಳ್ಳಿ ಅಂಗಡಿ ತೊಳೆದು, ಯಂತ್ರಗಳಿಗೆ ಬಟ್ಟೆ ಮುಚ್ಚಿ, ಬೀಗದ ಕೈಯನ್ನು ಗುಂಡಿಯಮ್ಮನ ಮಡಿಲಲ್ಲಿ ಹಾಕಿದಳು. ಬಗಲಲ್ಲಿ ಒಂದೇ ಚೀಲ. ಎಲ್ಲಿಗೆಂದು ಹೇಳಲಿಲ್ಲ. ಹೊಸಿಲು ದಾಟುವಾಗ ಅಂಗೈ ಬಿಚ್ಚಿ ತೋರಿಸಲೂ ಇಲ್ಲ. ಎರಡೂ ಮುಷ್ಟಿ ಬಿಗಿದಿದ್ದವು.

ಮೆಟ್ಟಿಲಿಳಿದವಳು ನಿಂತು ತಿರುಗಿದಳು. ಇಷ್ಟು ವರ್ಷ ದೊಡ್ಡಮ್ಮನ ಬೆನ್ನ ಮೇಲೆ ನೆಟ್ಟಿದ್ದ ಕಣ್ಣು ಅದೇ ಚೂಪಿನಿಂದ ಈಗ ಗುಂಡಿಯಮ್ಮನ ಮುಖಕ್ಕೆ ನೆಟ್ಟಿತು.

"ಹೂ ಬಿಡುತ್ತೆ ಅಂದಿದ್ರಲ್ಲ ಅಕ್ಕಾ, ಯಾವ ವಯಸ್ಸಿಗೆ ಅಂತ ಯಾಕೆ ಹೇಳಲಿಲ್ಲ?"