ಎಡಗೈ ರೊಟ್ಟಿ

ಇವತ್ತು ಬೆಳಿಗ್ಗೆ ಹಾಲು ಕಾಸಿಟ್ಟು, ಇವರಿಗೆ ಡಬ್ಬಿ ಕಟ್ಟಿ ಕಳಿಸಿ, ಇಳಕಲ್ ಸೀರೆಗಳನ್ನು ಗಾಳಿಗೆ ಹಾಕೋಣವೆಂದು ಟ್ರಂಕು ತೆರೆದೆ. ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು... ಎಲ್ಲರಿಗೂ ಅದು ಟ್ರಂಕಿನ ವಾಸನೆ. ನನಗೆ ಪಿಯಾನೋದ್ದು.

ಎಂಬತ್ತರ ಸುಮಾರಿಗೆ ಬಾಗಲಕೋಟೆಯ ನಮ್ಮ ಕಾನ್ವೆಂಟಿನಲ್ಲಿ ಒಂದು ಹಳೆಯ ಪಿಯಾನೋ ಇತ್ತು. ಒಳಗಿನ ಉಣ್ಣೆಗೆ ನುಸಿ ಹತ್ತಬಾರದೆಂದು ಸಂಗೀತದ ಸಿಸ್ಟರ್ ಈ ಗುಳಿಗೆಗಳನ್ನು ಅರಿವೆಯಲ್ಲಿ ಕಟ್ಟಿ ಇಡುತ್ತಿದ್ದರು. ಮಂಗಳೂರು ಕಡೆಯವರು, ಆದರೆ ಇಪ್ಪತ್ತು ವರ್ಷ ಇಲ್ಲಿದ್ದು ನಮ್ಮ ಮಾತೇ ಆಡುತ್ತಿದ್ದರು. ಅವರ ಕಪಾಟಿನಲ್ಲೊಂದು ಕನ್ಸರ್ಟೊ ಪುಸ್ತಕವಿತ್ತು. ಇಡೀ ವಾದ್ಯಮೇಳದ ಎದುರು ಪಿಯಾನೋ ಒಂದೇ ನಿಂತು ಮಾತಾಡುವಂಥ, ಭಾವ ಉಕ್ಕುವ ದೊಡ್ಡ ಕೃತಿ. ಹತ್ತನೆಯ ತರಗತಿ ಮುಗಿದರೆ ನನ್ನ ಪಿಯಾನೋವೂ ಮುಗಿದಂತೆ. ಅಷ್ಟರೊಳಗೆ ಅದನ್ನು ಕಲಿಯಬೇಕೆಂಬ ಹಟ ನನಗೆ.

ಮನೆಯಲ್ಲಿ ಪಿಯಾನೋ ಎಲ್ಲಿಯದು? ರೊಟ್ಟಿ ಬಡಿಯುವ ಹಲಗೆಯ ಮೇಲೇ ಬೆರಳಾಡಿಸುತ್ತಿದ್ದೆ. "ಹಿಟ್ಟು ಒಣಗಾಕತ್ತೈತಿ, ನಿನ್ನ ಬಾಜಾ ಸಾಕ ಮಾಡ!" ಎಂದು ಅವ್ವ ಬೈಯುತ್ತಿದ್ದಳು.

ಒಂದು ದಿನ ಆ ಕನ್ಸರ್ಟೊ ಕಲಿಸಿರೆಂದು ಸಿಸ್ಟರನ್ನು ಕೇಳಿಯೇಬಿಟ್ಟೆ. ಅವರು ನನ್ನ ಬಲಗೈಯನ್ನು ಮಡಿಲಲ್ಲಿರಿಸಿ, ಮೇಲೆ ತಮ್ಮ ಕರವಸ್ತ್ರ ಹಾಸಿ, ನನಗೆ ಚೆನ್ನಾಗಿ ಬರುತ್ತಿದ್ದ ಪಾಠವನ್ನೇ ಎಡಗೈಯೊಂದರಲ್ಲಿ ನುಡಿಸಲು ಹೇಳಿದರು. ಎರಡನೆಯ ಸಾಲಿಗೇ ತೊದಲಿದೆ.

"ನೀ ರೊಟ್ಟಿ ಬಡಿದಂಗ ಬಾರಸ್ತಿ," ಎಂದರು. "ಬಲಗೈ ದುಡೀತೈತಿ, ಎಡಗೈ ಬರೇ ತಿರುಗಸ್ತೈತಿ. ಹೋಗು, ಎಡಗೈಲೆ ಬಡಿ. ದುಂಡಗಾದ ದಿನ ನನಗೊಂದು ತೊಗೊಂಡ ಬಾ."

ಚೇಷ್ಟೆ ಮಾಡಿದರೆಂದು ದಾರಿಯುದ್ದಕ್ಕೂ ಅತ್ತೆ. ಆದರೂ ಬಡಿದೆ. ಎರಡು ತಿಂಗಳು ಮನೆಯವರೆಲ್ಲ ನಕಾಶೆಯಂಥ ರೊಟ್ಟಿ ತಿಂದರು. "ಇವತ್ತ ಯಾವ ದೇಶ ಬಡದೀಯವ್ವಾ?" ಎಂದು ಅಪ್ಪ ಕೇಳುತ್ತಿದ್ದರು.

ಕೊನೆಗೊಮ್ಮೆ ದುಂಡನೆಯದೊಂದನ್ನು ಅರಿವೆಯಲ್ಲಿ ಸುತ್ತಿ ಒಯ್ದೆ. ಸಿಸ್ಟರ್ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡು, ಮತ್ತೆ ಕರವಸ್ತ್ರ ಹಾಸಿದರು. ಎಡಗೈ ಕೊನೆಯವರೆಗೂ ನಡೆಯಿತು. ಸಿಸ್ಟರ್ ಎದ್ದು ಕಪಾಟು ತೆರೆದರು...

ಮೊದಲ ಭಾಗವಷ್ಟೇ ಕಲಿತೆ. ವಾದ್ಯಮೇಳದ ಪಾಲನ್ನು ಅವರು ಹಾರ್ಮೋನಿಯಂ ಮೇಲೆ ನುಡಿಸುತ್ತಿದ್ದರು. ಮರುವರ್ಷ ಅವರಿಗೆ ವರ್ಗವಾಯಿತು, ನನಗೆ ಮದುವೆ. ಮತ್ತೆ ಪಿಯಾನೋ ಮುಟ್ಟಲಿಲ್ಲ. ಅವರು ತೀರಿಕೊಂಡದ್ದು ತಿಳಿಯುವಷ್ಟರಲ್ಲಿ ವರ್ಷ ಕಳೆದಿತ್ತು. ಒಂದು ಕಾಗದ ಬರೆಯಬಹುದಿತ್ತು... ಬರೆಯಲಿಲ್ಲ. ನನ್ನ ಆಸೆಯೊಂದನ್ನು ಅಷ್ಟು ನಿಜವೆಂದು ತಿಳಿದು ಒರೆಗೆ ಹಚ್ಚಿ ನೋಡಿದವರು ಅವರೊಬ್ಬರೇ.

ಸಂಜೆ ರೊಟ್ಟಿಗೆ ಕುಳಿತಿದ್ದೆ. ಹೆಪ್ಪಿಗೆ ಮೊಸರು ಕೇಳಲು ಬಂದ ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತಳು.

"ಇಷ್ಟ ವರ್ಷ ಆತು, ನಾ ನೋಡೇ ಇಲ್ಲ ನೋಡ್ರಿ. ಅಕ್ಕಾರ, ನೀವು ಎಡಚರೇನ್ರಿ?"