ನಿಲ್ಲದೆ ಓದಿದ ಕಾಗದ

ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ಗೋವಿನಕೋವಿಯಲ್ಲಿ ಇಳಿದರೆ ನೀವು ಮನೆಯಲ್ಲಿ ಇಲ್ಲದಿರಬಹುದಿತ್ತು. ನಿಮ್ಮ ಅತ್ತಿಗೆ ಬಾಗಿಲಲ್ಲೇ ತಡೆದು, ನಮ್ಮ ಹೆಣ್ಣುಮಗಳ ಹತ್ತಿರ ನಿನಗೇನು ಕೆಲಸ ಎಂದು ಓಣಿಗೆಲ್ಲ ಕೇಳುವಂತೆ ಕೇಳಬಹುದಿತ್ತು. ನಿಮ್ಮ ಅಣ್ಣ ನಕ್ಕುಬಿಡಬಹುದಿತ್ತು — ಬೈಗುಳಕ್ಕಿಂತ ನಾನು ಹೆದರಿದ್ದು ಅದಕ್ಕೇ. ಸುದ್ದಿ ನ್ಯಾಮತಿಗೆ ಮುಟ್ಟಿ, ನಾನು ಕೆಲಸಕ್ಕಿದ್ದ ಜವಳಿ ಅಂಗಡಿಯ ಕಟ್ಟೆಗೆ ಇಂಗ್ಲಿಷ್ ಕಾಗದ ತರುವವರೇ ಇಲ್ಲವಾಗಬಹುದಿತ್ತು. ಎಪ್ಪತ್ತೆರಡರ ಆ ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಇಷ್ಟನ್ನೂ ಯೋಚಿಸಿದೆ. ಗಿರಿಜಕ್ಕ, ನಿಮ್ಮ ಕಾಗದವನ್ನು ನಾನು ತಪ್ಪಾಗಿ ಓದಿ ಹೇಳಿದ್ದೆ. ಸರಿಪಡಿಸಲು ಇನ್ನೂ ಎರಡು ದಿನ ಇರುವಾಗಲೇ ಅದು ನನಗೆ ಗೊತ್ತಾಗಿತ್ತು.

ಎಸ್ಸೆಸ್ಸೆಲ್ಸಿಯ ಇಂಗ್ಲಿಷನ್ನು ಮೂರನೇ ಸಲಕ್ಕೆ ದಾಟಿದವನು ನಾನು. ಅದನ್ನು ಯಾರಿಗೂ ಹೇಳಿರಲಿಲ್ಲ. ಕಟ್ಟೆಯ ಪದ್ಧತಿ ನಿಮಗೆ ನೆನಪಿರಬೇಕು — ಕಾಗದವನ್ನು ಮೊದಲು ಇಂಗ್ಲಿಷಿನಲ್ಲೇ ಗಟ್ಟಿಯಾಗಿ ಓದಬೇಕು, ಆಮೇಲೆ ಕನ್ನಡದಲ್ಲಿ ಹೇಳಬೇಕು. ನಿಲ್ಲದೆ ಓದಿದವನು ಬಲ್ಲವನು. ತಡವರಿಸಿದವನ ಕೈಯಿಂದ ಕಾಗದ ಎದುರಿನ ಔಷಧಿ ಅಂಗಡಿಗೆ ಹೋಗುತ್ತಿತ್ತು. ಹಾಗಾಗಿ ನಾನು ಹಳ್ಳ ದಾಟುವವನಂತೆ ದೊಡ್ಡ ಪದಗಳ ಮೇಲೆ ಮಾತ್ರ ಕಾಲಿಡುತ್ತಿದ್ದೆ. ನಡುವಿನ ಪುಟ್ಟವು — ಅನ್‌ಲೆಸ್, ಬಿಫೋರ್, ದೋ — ನೀರಿನ ಪಾಲು. ಒಂದು ಮಾತನ್ನು ಇನ್ನೊಂದಕ್ಕೆ ಕಟ್ಟುವ ಗಂಟು ಅವೇ ಎಂದು... ಇರಲಿ. ನಮ್ಮ ಸಾಹುಕಾರರು ಗಿರಾಕಿಗಳಿಗೆ ಹೆಮ್ಮೆಯಿಂದ ಹೇಳುತ್ತಿದ್ದರು: “ನಮ್ಮ ಹುಡುಗಂದು ಎಕ್ಸ್‌ಪ್ರೆಸ್ ಬಸ್ಸು ಕಣ್ರಿ. ಸಣ್ಣ ಸ್ಟಾಪಿಗೆಲ್ಲ ನಿಲ್ಲಾಕಿಲ್ಲ.”

ನಿಮ್ಮದು ನರ್ಸ್ ತರಬೇತಿಯ ಕಾಗದ. ಗಂಡ ತೀರಿಕೊಂಡ ಮೇಲೆ ಮೂರು ವರ್ಷ ಅಣ್ಣನ ಮನೆಯಲ್ಲಿ ಅತ್ತಿಗೆಯ ಮುಖ ನೋಡಿ ಉಂಡವರು ನೀವು. ಅಲ್ಲಿಂದ ಹೊರಬರಲು ನಿಮಗಿದ್ದ ದಾರಿ ಅದೊಂದೇ. ಟ್ರೈನಿಂಗ್, ಫಿಫ್ಟೀನ್ತ್, ಗಾರ್ಡಿಯನ್, ಕನ್ಸೆಂಟ್ — ನಾಲ್ಕು ಕಲ್ಲು ಸಿಕ್ಕವು, ದಾಟಿದೆ. ಅಣ್ಣನ ಒಪ್ಪಿಗೆ ಪತ್ರ ಹಿಡಿದುಕೊಂಡು ಹದಿನೈದನೇ ತಾರೀಖು ಶಿವಮೊಗ್ಗಕ್ಕೆ ಹೋಗಿ ಎಂದೆ. ನೀವು ಕಾಗದವನ್ನು ಮಡಚದೆ ಕೇಳಿದಿರಿ:

“ಅದಕ್ಕೂ ಮೊದ್ಲು ಏನಾರ ಕಳಸಾಕೆ ಐತೇನು ತಮ್ಮಾ? ಇನ್ನೊಂದು ಸಲ ನೋಡಪ್ಪ.”

ಕಟ್ಟೆಯ ಮೇಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಕಾಗದದತ್ತ ಕಣ್ಣೂ ಹಾಯಿಸಲಿಲ್ಲ.

“ಏನೂ ಇಲ್ಲಕ್ಕ. ಅಷ್ಟೇ ಐತೆ.”

ಆದರೆ ನಿಮ್ಮ ಕಾಗದದಲ್ಲಿ ನಾನು ಹಾರಿಸಿದ ಎರಡು ಪದಗಳು — ಅನ್‌ಲೆಸ್, ಬಿಫೋರ್ — ಹಲ್ಲಿನ ಸಂದಿಗೆ ಸಿಕ್ಕಿದ ಅಡಿಕೆ ಚೂರಿನಂತೆ ನಾಲ್ಕು ದಿನ ಕಾಡಿದವು. ಎಂಟನೇ ತಾರೀಖು ಸಾಹುಕಾರರ ಮನೆಯ ಹಳೆಯ ನಿಘಂಟು ತೆಗೆದೆ. ಗಟ್ಟಿಯಾಗಿ ಓದಿದ್ದ ಸಾಲು ನೆನಪಿನಲ್ಲಿತ್ತು; ಪದಗಳನ್ನು ಅವುಗಳ ಜಾಗದಲ್ಲಿ ಕೂರಿಸಿ ನೋಡಿದರೆ ಕಾಗದವೇ ಬೇರೆಯಾಗಿತ್ತು — ಒಪ್ಪಿಗೆ ಪತ್ರ ಹತ್ತನೇ ತಾರೀಖಿನೊಳಗೆ ಮುಟ್ಟದಿದ್ದರೆ ನಿಮ್ಮ ಜಾಗ ಬೇರೆಯವರಿಗೆ. ನಾನು ಅಂದೇ ಬಂದು ಹೇಳಿದ್ದರೆ, ನೀವು ಮರುದಿನ ಬೆಳಿಗ್ಗೆಯೇ ಹೋಗಿ ಕೊಟ್ಟು ಬರಬಹುದಿತ್ತು. ಬಸ್ ಸ್ಟ್ಯಾಂಡಿಗೆ ಓಡಿದೆ. ಗೋವಿನಕೋವಿ ಬಸ್ಸು ಬಂತು. ಕಂಡಕ್ಟರು ಎರಡು ಸಲ ಊರಿನ ಹೆಸರು ಕೂಗಿದ. ಸರ್ಕಾರದವರು ಅಷ್ಟು ಕಟ್ಟುನಿಟ್ಟು ಇರಲಿಕ್ಕಿಲ್ಲ ಎಂದುಕೊಂಡೆ — ನಿಜವಾಗಿ ಹಾಗೆಂದು ನಂಬಿದ್ದೆನೋ, ಇಲ್ಲವೋ...

ಹದಿನಾರನೇ ತಾರೀಖು ನೀವು ಕಟ್ಟೆಯ ಮುಂದೆ ಬಂದು ನಿಂತಾಗ ನಾನು ಗಜಕೋಲು ಹಿಡಿದು, ಅಳೆದಿದ್ದ ಬಟ್ಟೆಯನ್ನೇ ಮತ್ತೆ ಅಳೆಯತೊಡಗಿದೆ. ನೀವು ಬೈಯಲಿಲ್ಲ.

“ಜಾಗ ಹೋತು ತಮ್ಮಾ. ಓದಿ ಹೇಳಿದೋನಿಗೆ ಇಂಗ್ಲಿಷ್ ಬರಲ್ಲ ಅಂದ ಆ ಗುಮಾಸ್ತ. ನಮ್ಮ ತಮ್ಮ ಹಂಗೆ ಓದೋನಲ್ಲ ಅಂತ ಜಗಳ ಆಡೇ ಬಂದೆ.”

ಕೂತವರೆಲ್ಲ ಆ ಗುಮಾಸ್ತನನ್ನು ಬೈದರು. ಅವರ ಜೊತೆಗೆ — ಬಾಯಿಬಿಟ್ಟು, ಜೋರಾಗಿ — ನಾನೂ ಬೈದೆ.

ಹದಿನಾರು ವರ್ಷಗಳಾದವು. ನೀವು ಜಗಳೂರಿನ ಹಾಸ್ಟೆಲಿನಲ್ಲಿ ಅಡುಗೆ ಮಾಡಿಕೊಂಡಿದ್ದೀರಿ. ಹೋದ ವರ್ಷ ಅಲ್ಲಿ ಸಿಕ್ಕಾಗ, ಇಂಗ್ಲಿಷ್ ಬಲ್ಲ ತಮ್ಮ ಎಂದು ಪಕ್ಕದವರಿಗೆ ನನ್ನನ್ನು ತೋರಿಸಿದಿರಿ. ಈಗ ನಾನು ಪುಟ್ಟ ಪದ ಬಂದಲ್ಲೆಲ್ಲ ನಿಲ್ಲುತ್ತೇನೆ. ವಯಸ್ಸಾಯಿತು, ಓದು ನಿಧಾನವಾಯಿತು ಎನ್ನುತ್ತಾರೆ ಕಟ್ಟೆಯವರು. ಬರುವ ಭಾನುವಾರ ಜಗಳೂರಿಗೆ ಬಂದು ಈ ಕಾಗದವನ್ನು ನಿಮ್ಮೆದುರು ನಾನೇ ಓದುತ್ತೇನೆ. ಒಂದು ಪದವನ್ನೂ ಹಾರಿಸುವುದಿಲ್ಲ.

ಅಂದು ನಾನು ಹೆದರಿದ್ದ ಯಾವುದೂ ಆಗಲಿಲ್ಲ, ಅಕ್ಕ. ಬಸ್ಸು ಕೆಡಲಿಲ್ಲ; ಸರಿಯಾದ ಹೊತ್ತಿಗೆ ಗೋವಿನಕೋವಿ ಮುಟ್ಟಿತಂತೆ. ನೀವು ಮನೆಯಲ್ಲೇ ಇದ್ದಿರಂತೆ. ನಾನು ಬಸ್ಸು ಹತ್ತಲಿಲ್ಲ.