ಬೀಗರ ಮುಂದೆ ಸತ್ತಾರ್ ಮಾಸ್ಟರ್ ಫೇವರಿಟ್

ಬೀಗರು ಛತ್ರದ ಬಾಗಿಲಿಗೆ ಬಂದಿದ್ದಾರೆ. ಆರತಿ ತಟ್ಟೆ ಹಿಡಿದು ಎದುರುಗೊಳ್ಳಬೇಕಾದ ನಮ್ಮಕ್ಕ ಬಿಕ್ಕಿ ಬಿಕ್ಕಿ ಅಳುತ್ತಿದ್ದಾಳೆ. ಅವಳನ್ನು ನೋಡಿ ಚಿಕ್ಕಮ್ಮಂದಿರಿಬ್ಬರೂ ಸೆರಗನ್ನು ಕಣ್ಣಿಗೊತ್ತಿಕೊಂಡರು. ಗಂಡಿನ ಕಡೆಯವರು ಒಳಗೆ ಬರುವುದೋ ಬೇಡವೋ ಎಂದು ಮುಖ ಮುಖ ನೋಡಿಕೊಂಡರು.

ಇಷ್ಟಕ್ಕೆಲ್ಲ ಕಾರಣ ನಾನು. (ನಮ್ಮ ಮನೆಯಲ್ಲಿ ಇದು ಹೊಸದೇನಲ್ಲ ಬಿಡಿ.)

ಪಿರಿಯಾಪಟ್ಟಣದಲ್ಲಿ ಅಕ್ಕನ ಮಗಳ ಮದುವೆ. ಬ್ಯಾಂಡ್‌ಸೆಟ್ ಗೊತ್ತು ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹುಣಸೂರಿನ ಸತ್ತಾರ್ ಮಾಸ್ಟರ್ ಮನೆಗೆ ಹೋದೆ. ಮೂವತ್ತು ವರ್ಷದಿಂದ ಕ್ಲಾರಿನೆಟ್ ನುಡಿಸುತ್ತಿರುವವರು. ನೀವು ಅತಿ ಹೆಚ್ಚು ನುಡಿಸಿರುವ ಹಾಡು ಯಾವುದು ಅಂತ ಕೇಳಿದೆ. ನಾನು ಅತಿ ಹೆಚ್ಚು ಕೇಳಿದ ಹಾಡುಗಳ ಲಿಸ್ಟನ್ನು ನನ್ನ ಫೋನು ವರ್ಷಕ್ಕೊಮ್ಮೆ ಕೊಡುತ್ತದೆ ನೋಡಿ, ಆ ಚಪಲ.

"ಮೆರವಣಿಗೇಲಿ ಕುಣಿಯೋ ಹಾಡು ಕಣಮ್ಮ. ಒಂದನ್ನೇ ಹತ್ತು ಸಲ ಊದುಸ್ತಾರೆ."

"ನಿಮ್ಮ ಫೇವರಿಟ್?"

ವಾದ್ಯ ಒರೆಸುತ್ತಿದ್ದ ಬಟ್ಟೆ ಕೆಳಗಿಟ್ಟರು. "ಇದುನ್ನ ಯಾರೂ ಕೇಳೇ ಇರ್ಲಿಲ್ಲ. ಒಂದದೆ."

"ಹಾಗಾದ್ರೆ ಬೀಗರು ಬರುವಾಗ ಫಸ್ಟ್ ಅದನ್ನೇ ನುಡಿಸಿ."

"ಬ್ಯಾಡ ಬುಡಿ, ಅದು ಅಲ್ಲಿಗೆ ಸರೋಗಲ್ಲ."

"ನಾನಿದ್ದೀನಿ, ನುಡಿಸಿ ಮಾಸ್ಟರ್."

ಯಾವ ಹಾಡು ಅಂತ ಕೇಳುವಷ್ಟು ತಾಳ್ಮೆ ನನಗೆಲ್ಲಿದೆ?

ಅವರು ನುಡಿಸಿದ್ದು ಹೆಣ್ಣು ಒಪ್ಪಿಸುವ ಹಾಡು. ಮದುವೆಯೆಲ್ಲ ಮುಗಿದು, ಮಗಳ ಕೈಯನ್ನು ಅತ್ತೆಯ ಕೈಗಿಡುವಾಗ ನುಡಿಸುತ್ತಾರಲ್ಲ, ಅದು. ನಮ್ಮ ಕಡೆ ಆ ಟ್ಯೂನ್ ಕಿವಿಗೆ ಬಿದ್ದರೆ ಸಾಕು, ಹೆಂಗಸರ ಕಣ್ಣಲ್ಲಿ ನೀರು. ಇನ್ನೂ ತಾಳಿಯೇ ಕಟ್ಟಿಲ್ಲ. ಮದುಮಗಳು ಒಳಗೆ ಮೆಹಂದಿ ಒಣಗಿಸಿಕೊಳ್ಳುತ್ತಾ ಕೂತಿದ್ದಾಳೆ. ಹೊರಗೆ ಆಗಲೇ ಬೀಳ್ಕೊಡುಗೆ.

ಮಾಸ್ಟರ್ ಗಾಬರಿಯಾಗಿ ನಿಲ್ಲಿಸಿಬಿಟ್ಟರು. ಮುಖ ಸಣ್ಣದಾಗಿತ್ತು. ಆಸೆಯಿಂದ ನುಡಿಸಲು ಬಂದವರನ್ನು ನಾಲ್ಕು ಜನರ ಮುಂದೆ ನಿಲ್ಲಿಸಿ ಅವಮಾನ ಮಾಡಿಬಿಟ್ಟಿದ್ದೆ ನಾನು.

ಗಂಡಿನ ತಂದೆ ಮುಂದೆ ಬಂದರು. ಹಂಪಾಪುರದ ಕಡೆಯ ರೈತರು, ಗಟ್ಟಿ ದನಿ. ನಾನು ತಡವರಿಸುತ್ತಾ ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ಅವರು ಮಾಸ್ಟರ್ ಕಡೆ ತಿರುಗಿದರು.

"ಅಲ್ಲ ಸಾಬ್ರೇ, ಅಷ್ಟೊಂದ್ ಹಾಡವೆ, ಇದೇ ಯಾಕ್ ಇಷ್ಟ ನಿಮ್ಗೆ?"

"ಬ್ಯಾರೆ ಹಾಡಿಗೆ ಜನ ಕುಣೀತಾರೆ, ಫೋಟೋ ತೆಗುಸ್ಕತಾರೆ, ಊಟಕ್ಕೆ ಓಡ್ತಾರೆ. ಇದೊಂದುನ್ನೇ ಸ್ವಾಮಿ, ಸುಮ್ಕೆ ನಿಂತ್ಕಂಡು ಕೇಳೋದು."

ಬೀಗರು ಚಪ್ಪಲಿ ಬಿಟ್ಟು ಬದಿಗೆ ನಿಂತರು. "ಅಂಗಾದ್ರೆ ಪೂರ್ತಿ ನುಡುಸ್ಬುಡಿ. ಕೇಳ್ಕಂಡೇ ಒಳೀಕ್ ಬತ್ತೀವಿ." ಅಕ್ಕನ ಕಡೆ ತಿರುಗಿ, "ನೀವೂ ಇವತ್ತೇ ಅತ್ತು ಮುಗುಸ್ಬುಡ್ರವ್ವ, ನಾಳೀಕೆ ನಗ್ನಗ್ತಾ ಕಳ್ಸೀರಂತೆ" ಅಂದರು.

ಅಕ್ಕ ಮೂಗೊರೆಸಿಕೊಂಡು ನಕ್ಕೇಬಿಟ್ಟಳು.

ಮಾಸ್ಟರ್ ಕಣ್ಣು ಮುಚ್ಚಿ ನುಡಿಸಿದರು. ಅಡುಗೆಯವರು ಸೌಟು ಹಿಡಿದುಕೊಂಡೇ ಹೊರಗೆ ಬಂದು ನಿಂತರು. ಒಂದೇ ಒಂದು ಮೊಬೈಲ್ ಮೇಲೇಳಲಿಲ್ಲ. ಮುಗಿದಾಗ ಬೀಗರೇ ಮೊದಲು ಚಪ್ಪಾಳೆ ತಟ್ಟಿದರು, ಹಿಂದೆಯೇ ಎಲ್ಲರೂ. ಮದುವೆಯ ಬ್ಯಾಂಡಿಗೆ ಚಪ್ಪಾಳೆ ಬಿದ್ದದ್ದನ್ನು ನಾನು ಕಂಡದ್ದು ಅದೇ ಮೊದಲು. ಮಾಸ್ಟರ್ ಮುಖ ನೋಡಬೇಕಿತ್ತು ನೀವು. ನನಗಂತೂ ಖುಷಿಯೋ ಖುಷಿ.

ಆದರೂ ಕೇಳುತ್ತೇನೆ: ಒಂದು ಹಾಡನ್ನು ಸುಮ್ಮನೆ ನಿಂತು ಕೇಳುವುದಕ್ಕೆ ನಾವು ಮಗಳನ್ನೇ ಕಳಿಸಿಕೊಡಬೇಕೇ?